ಹೃದಯ ಕಸಿಯಾದ ಎಲ್ಲರಿಗೂ ಮೂಳೆ ಸವೆತ ತಡೆಯುವ ಮಾತ್ರೆ ಬೇಕೆ?

ಪರ: ಮೊದಲ ವಾರಗಳಲ್ಲೇ ಶುರುವಾಗಲಿ

ಬೇರೊಬ್ಬರ ಹೃದಯವನ್ನು ದೇಹ ತಿರಸ್ಕರಿಸದಿರಲಿ ಎಂದು ಕೊಡುವ ಸ್ಟೀರಾಯ್ಡ್ ಮೊದಲ ತಿಂಗಳುಗಳಲ್ಲಿ ದೊಡ್ಡ ಪ್ರಮಾಣದಲ್ಲೇ ಇರುತ್ತದೆ. ಮೂಳೆ ಕಟ್ಟುವ ಜೀವಕೋಶಗಳನ್ನು ಅದು ಕುಗ್ಗಿಸುತ್ತದೆ. ಅದೇ ಉದ್ದೇಶಕ್ಕೆ ಜೊತೆಗೆ ಕೊಡುವ ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಕೂಡ ಮೂಳೆಗೆ ಒಳ್ಳೆಯವಲ್ಲ. ಹಾಗೆ ನೋಡಿದರೆ ಆಪರೇಷನ್ ಟೇಬಲ್ಲಿಗೆ ಬರುವ ಹೊತ್ತಿಗೇ ಈ ರೋಗಿಯ ಮೂಳೆ ಅರ್ಧ ಸೋತಿರುತ್ತದೆ: ತಿಂಗಳುಗಟ್ಟಲೆ ಹಾಸಿಗೆ, ಬಿಸಿಲು ಕಾಣದ ಮೈ, ಮೈಯ ನೀರಿಳಿಸಲು ಕೊಡುವ ಫ್ರೂಸೆಮೈಡ್ ಮಾತ್ರೆಯಿಂದಾಗಿ ಮೂತ್ರದಲ್ಲಿ ಹೋದ ಕ್ಯಾಲ್ಸಿಯಂ.

ನಷ್ಟದ ಬಹುಪಾಲು ಆಗುವುದು ಮೊದಲ ವರ್ಷದಲ್ಲೇ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಕಾಣಿಸಲಿ, ಆಮೇಲೆ ನೋಡೋಣ ಅನ್ನುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಸ್ಟೀರಾಯ್ಡ್ ತೆಗೆದುಕೊಳ್ಳುವವರ ಮೂಳೆ ಸ್ಕ್ಯಾನಿನ ಅಂಕಿ ಚೆನ್ನಾಗಿದ್ದಾಗಲೂ ಮುರಿಯಬಹುದು. ಬೆನ್ನುಮೂಳೆ ಕುಸಿದದ್ದಂತೂ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೋವಿಲ್ಲ, ಬಿದ್ದದ್ದಿಲ್ಲ, ಎತ್ತರ ಕಡಿಮೆಯಾಗಿ, ಹಳೆಯ ಪ್ಯಾಂಟಿನ ಅಂಚು ನೆಲಕ್ಕೆ ತಾಗತೊಡಗುತ್ತದೆ.

ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯರ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪಕ್ಷದ ಗಟ್ಟಿ ಆಧಾರ. ಹೊಸದಾಗಿ ಕಸಿಯಾದ 149 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೂಳೆ ಸವೆತ ತಡೆಯುವ ಅಲೆಂಡ್ರೊನೇಟ್ ಮಾತ್ರೆ ದಿನಕ್ಕೆ 10 ಮಿ.ಗ್ರಾಂ, ಇನ್ನೊಂದಕ್ಕೆ ವಿಟಮಿನ್ ಡಿಯ ಸಕ್ರಿಯ ರೂಪವಾದ ಕ್ಯಾಲ್ಸಿಟ್ರಯಾಲ್ ಒಂದು ವರ್ಷ ಕೊಟ್ಟರು. ತೊಡೆಮೂಳೆಯ ಕತ್ತಿನಲ್ಲಿ ಸಾಂದ್ರತೆ ಇಳಿದದ್ದು ಕ್ರಮವಾಗಿ ಶೇ 1.7 ಮತ್ತು 2.1. ಎರಡನ್ನೂ ತೆಗೆದುಕೊಳ್ಳದವರಲ್ಲಿ ಶೇ 6.2. ಇಷ್ಟು ಅಂತರ ಕಣ್ಣೆದುರಿಗಿರುವಾಗ ಕಾಯುವುದು ಯಾತಕ್ಕೆ?

ವಿರೋಧ: ಯಾರಿಗೆ ಬೇಕು ಎಂದು ನೋಡಿ ಕೊಡಿ

ಅದೇ ಅಧ್ಯಯನವನ್ನು ಪೂರ್ತಿ ಓದೋಣ. ಮಾತ್ರೆ ತೆಗೆದುಕೊಳ್ಳದವರ ಗುಂಪನ್ನು ಚೀಟಿ ಎತ್ತಿದ ಹಾಗೆ ಆರಿಸಿರಲಿಲ್ಲ. ಹೋಲಿಕೆಗೆಂದು ಬೇರೆಯಾಗಿ ಗಮನಿಸಿದ ಗುಂಪು ಅದು. ರೋಗಿಗೆ ಮುಖ್ಯವಾದದ್ದು ಮೂಳೆ ಮುರಿಯಿತೇ ಇಲ್ಲವೇ ಎಂಬುದು. ಹೊಸದಾಗಿ ಬೆನ್ನುಮೂಳೆ ಮುರಿದವರು ಅಲೆಂಡ್ರೊನೇಟ್ ಗುಂಪಿನಲ್ಲಿ ಶೇ 6.8, ಕ್ಯಾಲ್ಸಿಟ್ರಯಾಲ್‌ನಲ್ಲಿ 3.6, ಔಷಧವಿಲ್ಲದವರಲ್ಲಿ 13.6. ನೋಡಲು ದೊಡ್ಡ ಅಂತರ, ಆದರೆ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಕ್ಯಾಲ್ಸಿಟ್ರಯಾಲ್ ತೆಗೆದುಕೊಂಡವರಲ್ಲಿ ಶೇ 27 ಮಂದಿಗೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚಾಯಿತು.

ಕಿಡ್ನಿಯ ಮಾತೂ ಇದೆ. ಸೈಕ್ಲೋಸ್ಪೋರಿನ್, ಟ್ಯಾಕ್ರೋಲಿಮಸ್ ಎರಡೂ ಕಿಡ್ನಿಗೆ ಹೊರೆ. ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 35 ಮಿ.ಲೀ.ಗಿಂತ ಕೆಳಗಿದ್ದರೆ ಅಲೆಂಡ್ರೊನೇಟ್ ಕೊಡುವಂತಿಲ್ಲ. ಹಾಗಾದರೆ ಮೂಳೆ ಸವೆತ ತಡೆಯುವ ಡೆನೊಸುಮ್ಯಾಬ್ ಚುಚ್ಚುಮದ್ದು ಕೊಡಿ ಅನ್ನುತ್ತಾರೆ. ಆರು ತಿಂಗಳಿಗೊಮ್ಮೆಯ ಆ ಇಂಜೆಕ್ಷನ್ ತಪ್ಪಿದರೆ ಬೆನ್ನುಮೂಳೆಗಳು ಒಂದರ ಹಿಂದೆ ಒಂದು ಕುಸಿಯುವ ಅಪಾಯವಿದೆ.

ಇನ್ನು ಅಲೆಂಡ್ರೊನೇಟ್ ಮಾತ್ರೆಯ ಮಡಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನ ಜೊತೆ ನುಂಗಬೇಕು, ಅರ್ಧ ಗಂಟೆ ಮಲಗುವಂತಿಲ್ಲ, ಕಾಫಿಯೂ ಇಲ್ಲ. (ನಮ್ಮ ಕಡೆಯವರಿಗೆ ಕೊನೆಯದೇ ಕಷ್ಟ.) ಗಡಿಯಾರ ನೋಡಿ ಟ್ಯಾಕ್ರೋಲಿಮಸ್ ನುಂಗುವವರ ಬೆಳಗಿಗೆ ಇದೂ ಸೇರಬೇಕು.

ನಮ್ಮಲ್ಲಿ ಇಷ್ಟು ಬಿಸಿಲಿದ್ದೂ ವಿಟಮಿನ್ ಡಿ ಕೊರತೆ ಸಾಮಾನ್ಯ. ಅದನ್ನು ತುಂಬದೆ ಅಲೆಂಡ್ರೊನೇಟ್, ಡೆನೊಸುಮ್ಯಾಬ್ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸಿಯಬಹುದು. ಹಾಗಾಗಿ ಕಸಿಗೆ ಹೆಸರು ನೋಂದಾಯಿಸಿದಾಗಲೇ ಡೆಕ್ಸಾ, ಬೆನ್ನಿನ ಎಕ್ಸ್‌ರೇ, ವಿಟಮಿನ್ ಡಿ ಪರೀಕ್ಷೆ ಆಗಲಿ. ಮೂಳೆ ಆಗಲೇ ತೆಳುವಾದವರಿಗೆ, ಹಿಂದೆ ಮುರಿದವರಿಗೆ, ಸ್ಟೀರಾಯ್ಡ್ ಬೇಗ ಇಳಿಸಲಾಗದವರಿಗೆ ತಡಮಾಡದೆ ಔಷಧ ಕೊಡಿ. ಆದರೆ ಸ್ಟೀರಾಯ್ಡ್ ಬೇಗ ಬಿಡಿಸಬಹುದಾದ, ಮೂಳೆ ಗಟ್ಟಿಯಿರುವ, ಮುಂದೆ ಮಗು ಬೇಕೆನ್ನುವ ಇಪ್ಪತ್ತೈದರ ಹುಡುಗಿಗೆ, ಮೂಳೆಯೊಳಗೆ ವರ್ಷಗಟ್ಟಲೆ ಉಳಿಯುವ ಅಲೆಂಡ್ರೊನೇಟನ್ನು ಎಲ್ಲರಿಗೂ ಕೊಡುತ್ತೇವೆ ಎಂಬ ಕಾರಣಕ್ಕೇ ಬರೆದುಕೊಡುವುದನ್ನು ನಾನು ಒಪ್ಪಲಾರೆ.