ಶೇ 100 ಎಂಬುದು ದಾಟಲಾಗದ ಗೆರೆಯಲ್ಲ

ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್‌ನ ವಾಲ್ಯೂಮೆಟ್ರಿಕ್ ಎಫಿಶಿಯೆನ್ಸಿ, ಅಂದರೆ ಸಿಲಿಂಡರಿನ ಗಾತ್ರಕ್ಕೆ ಹಿಡಿಸುವಷ್ಟು ಹೊರಗಿನ ಗಾಳಿಗೆ ಹೋಲಿಸಿದರೆ ನಿಜವಾಗಿ ಒಳಗೆ ತುಂಬುವ ಗಾಳಿಯ ಪ್ರಮಾಣ, ಶೇ 100 ದಾಟುವುದೇ ಇಲ್ಲ ಎಂದು ಎಂಜಿನ್ ಕುರಿತ ಲೇಖನದಲ್ಲಿ ಲೇಖಕರು ಹೇಳಿರುವ ಮಾತನ್ನು ಒಪ್ಪಲಾಗದು. 9000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 9000 ಸುತ್ತು) ಇನ್‌ಟೇಕ್ ಸ್ಟ್ರೋಕ್‌ಗೆ, ಅಂದರೆ ಪಿಸ್ಟನ್ ಕೆಳಗಿಳಿದು ಗಾಳಿ ಎಳೆದುಕೊಳ್ಳುವ ಹಂತಕ್ಕೆ, ಸಿಗುವುದು ಸುಮಾರು 3.3 ಮಿಲಿಸೆಕೆಂಡ್ ಮಾತ್ರ, ನಿಜ; ಆದರೆ ಆ ವೇಗದಲ್ಲಿ ನುಗ್ಗಿ ಬರುವ ಗಾಳಿಗೆ ತನ್ನದೇ ಜಡತ್ವವಿರುವುದರಿಂದ, ಪಿಸ್ಟನ್ ತಳ ಮುಟ್ಟಿ ಮೇಲೇರತೊಡಗಿದ ಮೇಲೂ ವಾಲ್ವ್ ತುಸು ಹೊತ್ತು ತೆರೆದಿದ್ದರೆ ಅದು ಸಿಲಿಂಡರಿಗೆ ತುಂಬುತ್ತಲೇ ಇರುತ್ತದೆ, ಇನ್‌ಟೇಕ್ ಕೊಳವೆಯ ಉದ್ದ ಹೊಂದಿಕೆಯಾದರೆ ಒತ್ತಡದ ಅಲೆಯೂ ಸರಿಯಾದ ಗಳಿಗೆಗೆ ಬಂದು ದೂಡುತ್ತದೆ. ವಾಲ್ವ್ ತಡವಾಗಿ ಮುಚ್ಚುವ ಇದೇ ಟೈಮಿಂಗ್ ಕಡಿಮೆ ವೇಗದಲ್ಲಿ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ. ಹೋಂಡಾ ತನ್ನ ವಿಟೆಕ್‌ನಲ್ಲಿ (ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವ ರೀತಿ ಬದಲಿಸುವ ವ್ಯವಸ್ಥೆ) ಎರಡು ಬಗೆಯ ಕ್ಯಾಮ್, ಅಂದರೆ ವಾಲ್ವ್ ಒತ್ತಿ ತೆರೆಯುವ ಉಬ್ಬು, ಇಟ್ಟದ್ದು ಅದಕ್ಕಾಗಿಯೇ.

ಇನ್ನು ಬಿಸಿಲಿನ ವಿಚಾರ. ನಮ್ಮ ಕಲಬುರಗಿಯ ಮೇ ತಿಂಗಳ 42 ಡಿಗ್ರಿಯಲ್ಲಿ ಗಾಳಿಯ ಸಾಂದ್ರತೆ 25 ಡಿಗ್ರಿಯಲ್ಲಿ ಇರುವುದಕ್ಕಿಂತ ಶೇ 5ಕ್ಕೂ ತುಸು ಹೆಚ್ಚು ಇಳಿಯುತ್ತದೆ, ಎಂಜಿನ್ ಸೊರಗುವುದೂ ಹೌದು. ಆದರೆ ಅದನ್ನು ಎಫಿಶಿಯೆನ್ಸಿಯ ಕುಸಿತವೆಂದು ಬರೆದಿರುವುದು ಸರಿಯಲ್ಲ, ಏಕೆಂದರೆ ಆ ಲೆಕ್ಕ ಹಾಕುವುದೇ ಹೊರಗಿನ ಗಾಳಿಯ ಸಾಂದ್ರತೆಯನ್ನು ಆಧರಿಸಿ. ಹುಮನಾಬಾದ್ ರಸ್ತೆಯ ಗ್ಯಾರೇಜುಗಳಲ್ಲಿ ಬಿಚ್ಚಿದರೆ ಕಾಣುವ, ಮಡಿಕೆ ಮಡಿಕೆಯಲ್ಲೂ ಕೆಂದೂಳು ಮೆತ್ತಿದ ಏರ್ ಫಿಲ್ಟರ್‌ನಿಂದಾಗುವ ಒತ್ತಡದ ನಷ್ಟವೇ ನಿಜವಾದ ಎಫಿಶಿಯೆನ್ಸಿ ನಷ್ಟ. ಲೇಖನದಲ್ಲಿ ಅದರ ಪ್ರಸ್ತಾಪವೇ ಇಲ್ಲ.