ತೀರಿಸಿಬಿಟ್ಟರೆ ಕಾರ್ಡು ಉಳಿಯುತ್ತದೆಯೇ?

ಅಮೆರಿಕದಲ್ಲಿ ಚಾಪ್ಟರ್ 7 ದಿವಾಳಿ ಅರ್ಜಿ (ಸಾಲಮನ್ನಾ ಕೋರಿ ಕೋರ್ಟಿಗೆ ಸಲ್ಲಿಸುವ ಅರ್ಜಿ) ಹಾಕುವ ಮುನ್ನ ಒಂದು ಕ್ರೆಡಿಟ್ ಕಾರ್ಡಿನ ಬಾಕಿ ತೀರಿಸಿಬಿಟ್ಟರೆ ಅದು ಕೈಯಲ್ಲೇ ಉಳಿಯುತ್ತದೆ ಎಂದು ಈಚೆಗೆ ಓದಿದ ಲೇಖನವೊಂದರಲ್ಲಿ ಲೇಖಕರು ಸಲೀಸಾಗಿ ಬರೆದಿದ್ದಾರೆ. ಬಾಕಿ ಸೊನ್ನೆಯಾದರೆ ಆ ಬ್ಯಾಂಕು ಸಾಲ ಕೊಟ್ಟವರ ಪಟ್ಟಿಗೆ ಬರುವುದಿಲ್ಲ, ಅಷ್ಟು ಒಪ್ಪುತ್ತೇನೆ. ಆದರೆ ತೀರಿಸಿದ್ದು ಯಾವಾಗ? ಅರ್ಜಿಗೆ ಹಿಂದಿನ 90 ದಿನಗಳಲ್ಲಿ ಸಾಲ ಕೊಟ್ಟ ಒಬ್ಬರಿಗೇ 600 ಡಾಲರ್ ಅಥವಾ ಹೆಚ್ಚು ಕಟ್ಟಿದ್ದರೆ ಅದನ್ನು ವಿವರಪತ್ರದಲ್ಲಿ ತೋರಿಸಬೇಕು. ದಿವಾಳಿ ಪ್ರಕರಣ ನೋಡಿಕೊಳ್ಳಲು ನೇಮಕವಾದ ಟ್ರಸ್ಟಿ, ಸಾಲ ಕೊಟ್ಟ ಎಲ್ಲರಿಗೂ ಹಂಚಲೆಂದು ಆ ಹಣವನ್ನು ಬ್ಯಾಂಕಿನಿಂದ ವಾಪಸು ಕೇಳಬಹುದು. ಕಟ್ಟಿಸಿಕೊಂಡದ್ದನ್ನು ಕಕ್ಕಬೇಕಾದ ಬ್ಯಾಂಕು ನಿಮ್ಮ ಕಾರ್ಡನ್ನು ಉಳಿಸುತ್ತದೆಯೇ?

ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವನವರದು ಇನ್ನೂ ಸರಳ ಪ್ರಕರಣ. ವರ್ಷದಿಂದ ಬಳಸದೆ ಇಟ್ಟಿದ್ದ, ಒಂದು ಪೈಸೆ ಬಾಕಿಯಿಲ್ಲದ ಕಾರ್ಡು. ಅರ್ಜಿಯ ವಿಷಯವನ್ನು ಆ ಬ್ಯಾಂಕಿಗೆ ಯಾರೂ ತಿಳಿಸಿರಲಿಲ್ಲ. ಕ್ರೆಡಿಟ್ ವರದಿ ನೋಡಿ ಬ್ಯಾಂಕೇ ಖಾತೆ ಮುಚ್ಚಿತು. ಇವರಿಗೆ ಗೊತ್ತಾದದ್ದು ದಿನಸಿ ಅಂಗಡಿಯ ಕೌಂಟರಿನಲ್ಲಿ, ಸೋನಾ ಮಸೂರಿ ಮೂಟೆ ಬಿಲ್ಲಾದ ಮೇಲೆ.

ಬಾಕಿಯಿರುವ ಕಾರ್ಡನ್ನು ಸಾಲ ಕೊಟ್ಟವರ ಪಟ್ಟಿಯಿಂದ ‘ಮರೆತಂತೆ’ ಬಿಡುವ ಯೋಚನೆಯಂತೂ ಬೇಡವೇ ಬೇಡ. ಆ ಪಟ್ಟಿ ನಿಜವೆಂದು ಪ್ರಮಾಣ ಮಾಡಿ ಸಹಿ ಹಾಕಿರುತ್ತೀರಿ. ಬೇಕೆಂದೇ ಮುಚ್ಚಿಟ್ಟರೆ ಜೈಲು ಶಿಕ್ಷೆಯೂ ಆಗಬಹುದು. ಇನ್ನು ಬ್ಯಾಂಕಿನೊಂದಿಗೆ ಮರುಒಪ್ಪಂದ ಮಾಡಿಕೊಂಡು ಹಳೆಯ ಬಾಕಿಯನ್ನು ಮತ್ತೆ ತಲೆಗೆ ಕಟ್ಟಿಕೊಳ್ಳುವುದಾದರೆ ದಿವಾಳಿ ಅರ್ಜಿ ಹಾಕಿದ್ದಾದರೂ ಯಾಕೆ? ದಿನದ ಖರ್ಚಿಗೆ ಡೆಬಿಟ್ ಕಾರ್ಡು ಸಾಕು. ಸಾಲಮನ್ನಾ ಆದೇಶ ಬಂದ ಮೇಲೆ ಠೇವಣಿ ಇಟ್ಟು ಪಡೆಯುವ ಕಾರ್ಡುಗಳಿವೆ. ಲೇಖನ ಅವುಗಳ ಬಗ್ಗೆ ನಾಲ್ಕು ಸಾಲು ಬರೆಯಬಹುದಿತ್ತು.