ಯಾವ ಘಟಕ ಓಡಬೇಕು: ತೀರ್ಮಾನ ಗಣಿತಕ್ಕೆ ಬಿಡಬೇಕೇ?

ಪರ

ವಿದ್ಯುತ್ ಜಾಲದಲ್ಲಿ ನೂರು ಉತ್ಪಾದನಾ ಘಟಕಗಳಿವೆ ಎಂದಿಟ್ಟುಕೊಳ್ಳಿ. ನಾಳೆ ಬೆಳಿಗ್ಗೆ ಆರಕ್ಕೆ ಯಾವುದು ಓಡಬೇಕು, ಯಾವುದು ನಿಲ್ಲಬೇಕು? ಆ ಒಂದು ಗಂಟೆಗೇ 2ರ ನೂರನೇ ಘಾತದಷ್ಟು ಆಯ್ಕೆಗಳು. 1ರ ಮುಂದೆ 30 ಸೊನ್ನೆ ಬರೆದರೂ ಸಾಲದು. ಅನುಭವವೊಂದರಿಂದಲೇ ಇದು ಬಗೆಹರಿಯುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ.

ನಾನು ನಿಯಂತ್ರಣ ಕೊಠಡಿಗೆ ಹೊಸಬನಾಗಿದ್ದಾಗ ಗೋಡೆಯ ಮೇಲೆ ಆದ್ಯತಾ ಪಟ್ಟಿ ತೂಗುತ್ತಿತ್ತು: ಅಗ್ಗದ ಘಟಕ ಮೊದಲು, ದುಬಾರಿಯದು ಕೊನೆಗೆ. ಒಂದು ರಾತ್ರಿ ಬೇಡಿಕೆ ಕುಸಿಯಿತು. ಪಟ್ಟಿಯಂತೆ ದೊಡ್ಡ ಕಲ್ಲಿದ್ದಲು ಘಟಕವನ್ನು ನಿಲ್ಲಿಸಿದೆವು. ಬೆಳಿಗ್ಗೆ ಬೇಡಿಕೆ ಏರಿದಾಗ ಅದರ ಬಾಯ್ಲರ್ ತಣ್ಣಗಾಗಿತ್ತು. ಅದು ಮತ್ತೆ ಜಾಲಕ್ಕೆ ಸೇರುವವರೆಗೆ ಗಂಟೆಗಟ್ಟಲೆ ಡೀಸೆಲ್ ಸುಟ್ಟೆವು. ಲಾಗ್ ಪುಸ್ತಕದ ಆ ಪುಟದಲ್ಲಿರುವುದು ನನ್ನದೇ ಕೈಬರಹ.

ಯೂನಿಟ್ ಕಮಿಟ್‌ಮೆಂಟ್ ಎಂಬ ಗಣಿತದ ಮಾದರಿ, ಅಂದರೆ ಯಾವ ಘಟಕ ಯಾವಾಗ ಓಡಬೇಕೆಂದು ತೀರ್ಮಾನಿಸುವ ಲೆಕ್ಕ, ಇಪ್ಪತ್ನಾಲ್ಕು ಗಂಟೆಗಳನ್ನೂ ಒಟ್ಟಿಗೆ ನೋಡುತ್ತದೆ. ಮರುಚಾಲನೆಯ ಖರ್ಚು, ಒಮ್ಮೆ ನಿಂತರೆ ಕನಿಷ್ಠ ಎಷ್ಟು ಹೊತ್ತು ನಿಂತಿರಬೇಕು, ಉತ್ಪಾದನೆ ಎಷ್ಟು ವೇಗದಲ್ಲಿ ಏರಬಲ್ಲದು ಎಂಬುದೆಲ್ಲ ಅದರ ಲೆಕ್ಕದಲ್ಲಿದೆ. ಅಂದು ಅದು ನಮ್ಮ ಬಳಿ ಇದ್ದಿದ್ದರೆ ಆ ಘಟಕವನ್ನು ರಾತ್ರಿಯಿಡೀ ಕನಿಷ್ಠ ಮಟ್ಟದಲ್ಲಿ ಓಡಿಸುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಈ ಯೋಜನೆಗಿಂತ ಉತ್ತಮವಾದದ್ದು ಇದ್ದರೂ ಅದರಿಂದ ಶೇ 0.1ಕ್ಕಿಂತ ಹೆಚ್ಚು ಉಳಿಯದು ಎಂದು ಸಾಲ್ವರ್ (ಮಾದರಿಯನ್ನು ಬಿಡಿಸುವ ತಂತ್ರಾಂಶ) ಲೆಕ್ಕ ಸಮೇತ ಹೇಳಬಲ್ಲದು. ಶೇ 0.1! ಇಂಥ ಖಾತರಿಯನ್ನು ಯಾವ ಹಿರಿಯ ಎಂಜಿನಿಯರ್ ಕೊಟ್ಟಾರು?

ಮುನ್ಸೂಚನೆ ತಪ್ಪಬಹುದು ಎಂಬುದು ವಿರೋಧಿಗಳ ತಕರಾರು. ಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಸೂರ್ಯನನ್ನು ನೋಡಿಕೊಂಡು ರೈಲು ಹಿಡಿಯಲು ಹೋಗುತ್ತೇವೆಯೇ?

ವಿರೋಧ

ವಿರೋಧದ ಪಾಳಿ ನನಗೆ ಬಂದಿದೆ. ಮಾದರಿಗಳೇ ಬೇಡ ಎನ್ನಲು ನನ್ನಿಂದಾಗದು. ಅವುಗಳನ್ನು ಕಟ್ಟುವುದೇ ನನ್ನ ಕೆಲಸ. ಆಯ್ಕೆಗಳ ಸಂಖ್ಯೆ ದೊಡ್ಡದಿರಬಹುದು, ಆದರೆ ಅಷ್ಟನ್ನೂ ಎದುರಿಗಿಟ್ಟುಕೊಂಡು ಯಾರೂ ಕೂರುವುದಿಲ್ಲ.

ಶೇ 0.1ರ ಖಾತರಿ ಮಾದರಿಗೆ ಸಲ್ಲುತ್ತದೆ, ಜಾಲಕ್ಕಲ್ಲ. ವಿದ್ಯುತ್ ಹರಿವಿನ ಸಮೀಕರಣಗಳು ರೇಖೀಯವಲ್ಲ, ಅಂದರೆ ಸರಳ ಅನುಪಾತದಲ್ಲಿ ಏರಿಳಿಯುವುದಿಲ್ಲ. ಲೆಕ್ಕ ಬೇಗ ಮುಗಿಯಲೆಂದು ನಾವು ವೋಲ್ಟೇಜ್ ಎಲ್ಲೆಡೆ ಸಮವೆಂದು ಭಾವಿಸುತ್ತೇವೆ, ತಂತಿಯಲ್ಲಿನ ನಷ್ಟವನ್ನು ಕೈಬಿಡುತ್ತೇವೆ.

ಒಮ್ಮೆ ನನ್ನ ಮಾದರಿಯಲ್ಲಿ ಬ್ಯಾಟರಿಯೊಂದು ಒಂದೇ ಗಳಿಗೆಯಲ್ಲಿ ಚಾರ್ಜ್ ಕೂಡ ಆಗುತ್ತಿತ್ತು, ಡಿಸ್ಚಾರ್ಜ್ ಕೂಡ ಆಗುತ್ತಿತ್ತು. ಆ ಗಂಟೆಯ ವಿದ್ಯುತ್ ಬೆಲೆ ಸೊನ್ನೆಗಿಂತ ಕೆಳಗಿದ್ದು, ವಿದ್ಯುತ್ ಪಡೆದವರಿಗೇ ಹಣ ಸಿಗುತ್ತಿದ್ದುದರಿಂದ ವಿದ್ಯುತ್ತನ್ನು ಪೋಲು ಮಾಡಿದಷ್ಟೂ ಲಾಭ. ಎರಡೂ ಒಟ್ಟಿಗೆ ಕೂಡದು ಎಂಬ ನಿರ್ಬಂಧವನ್ನು ನಾನು ಬರೆದಿರಲಿಲ್ಲ. ಪರದೆಯ ಮೇಲೆ ‘ಅತ್ಯುತ್ತಮ ಉತ್ತರ’ ಎಂದೇ ಇತ್ತು. ಎರಡು ದಿನ ನಾನೂ ಅದನ್ನು ನಂಬಿದ್ದೆ.

ಇನ್ನೊಂದು ಮಾತು. ವರ್ಷದ ಮಳೆ, ಗಾಳಿಯನ್ನೆಲ್ಲ ಮುಂಚೆಯೇ ಕೊಟ್ಟುಬಿಟ್ಟರೆ ಮಾದರಿ ಜಲಾಶಯವನ್ನು ಧೈರ್ಯವಾಗಿ ತಳದವರೆಗೆ ಖಾಲಿ ಮಾಡುತ್ತದೆ. ಮರುದಿನವೇ ಮಳೆ ಬರುವುದು ಅದಕ್ಕೆ ಗೊತ್ತು. ರಾತ್ರಿ ಪಾಳಿಯಲ್ಲಿ ಗೇಟಿನ ಗುಂಡಿಯ ಮುಂದೆ ಕುಳಿತವರಿಗೆ ಗೊತ್ತಿಲ್ಲ.